ಮುರುಗಲು ಬೀಜದಿಂದ ತುಪ್ಪ: ಜಿಡ್ಡು ಕಳೆದುಕೊಳ್ಳದೆ ತೆಗೆಯುವುದು ಹೇಗೆ?

ಏಪ್ರಿಲ್, ಮೇ ಬಂತೆಂದರೆ ಗೋವಾದಲ್ಲಿ ಭಿರಂಡದ ಕಾಲ. ಕಾರವಾರ, ಅಂಕೋಲಾ ಕಡೆಯಿಂದ ಬಂದು ವಾಸ್ಕೊ, ಮಡಗಾಂವದಲ್ಲಿ ನೆಲೆಸಿದವರಿಗೆ ಇದು ನಮ್ಮ ಮುರುಗಲೇ, ಅಂದರೆ ಕೋಕಂ ಹಣ್ಣು. ಮಂಗಳೂರಿನವರಿಗೆ ಪುನರ್ಪುಳಿ. ಸಿಪ್ಪೆ ಒಣಗಿಸಿ ಸೋಲಾಂ ಮಾಡುತ್ತೇವೆ, ರಸಕ್ಕೆ ಉಪ್ಪು ಹಾಕಿ ತುಂಬಿಡುತ್ತೇವೆ. ಬೀಜ ಮಾತ್ರ ಎಷ್ಟೋ ಮನೆಗಳಲ್ಲಿ ಕಸದ ಬುಟ್ಟಿಗೆ. ಒಡೆದ ಹಿಮ್ಮಡಿಗೆ ಹಚ್ಚುವ ಭಿರಂಡೇಲ್, ಅಂದರೆ ಮುರುಗಲು ತುಪ್ಪ, ಇರುವುದು ಆ ಬೀಜದಲ್ಲೇ ಅಲ್ವಾ?

ಒಣಗಿದ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಜಿಡ್ಡು. ಒಂದು ಕಿಲೋದಲ್ಲಿ ಹೆಚ್ಚುಕಡಿಮೆ 230ರಿಂದ 260 ಗ್ರಾಂ. ಮನೆಯಲ್ಲಿ ಅಷ್ಟೂ ಸಿಗುವುದಿಲ್ಲ. ಆದರೆ ತುಂಬಾ ಕಮ್ಮಿ ಬಂತು ಎಂದರೆ ಜನ ಕುದಿಸಿದ್ದು ಸಾಲಲಿಲ್ಲ ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಸಾಮಾನ್ಯವಾಗಿ ಅದಕ್ಕೂ ಮೊದಲು, ಒಣಗಿಸುವಾಗ.

ಬೀಜಕ್ಕೆ ಅಂಟಿದ ತಿರುಳನ್ನು ಉಜ್ಜಿ ತೊಳೆಯಿರಿ. ಉಪ್ಪು ಹಾಕಿದ ರಸದಿಂದ ತೆಗೆದ ಬೀಜವಾದರೆ ಎರಡು ಸಲ ತೊಳೆಯಿರಿ. ತಾರಸಿಯ ಮೇಲೆ ತೆಳ್ಳಗೆ ಹರಡಿ, ಸಂಜೆ ತಪ್ಪದೆ ಒಳಗಿಡಿ. ಸಮುದ್ರದ ಕಡೆಯ ರಾತ್ರಿ ಗಾಳಿ ಹಗಲು ಒಣಗಿದ್ದನ್ನು ಮತ್ತೆ ತೇವ ಮಾಡುತ್ತದೆ. ಎಷ್ಟು ದಿನ ಎಂದು ಎಣಿಸಬೇಡಿ, ಬೀಜವನ್ನೇ ನೋಡಿ. ಅಲ್ಲಾಡಿಸಿದರೆ ಒಳಗಿನ ತಿರುಳು ಗಲಗಲ ಅನ್ನಬೇಕು, ಮುರಿದರೆ ಟಕ್ ಎನ್ನಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಜಿಡ್ಡು ಒಡೆದು ಆಮ್ಲವಾಗುತ್ತದೆ. ಆಮೇಲೆ ಆ ಕಮಟು ವಾಸನೆಯನ್ನು ಯಾವ ಸೋಸುವಿಕೆಯೂ ತೆಗೆಯುವುದಿಲ್ಲ. ಜೂನ್ ಮಳೆಗೆ ಮುಂಚೆ ಈ ಕೆಲಸ ಮುಗಿಸಿಬಿಡಿ.

ಒಣಗಿದ ಬೀಜವನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು, ಮೊರದಲ್ಲಿ ಕೇರಿ ಹೊಟ್ಟು ಬೇರೆ ಮಾಡಿ. ಬೇಸರದ ಕೆಲಸ, ನಿಜ. ಆದರೆ ಹೊಟ್ಟು ಉಳಿದರೆ ಬಂದ ಜಿಡ್ಡನ್ನು ಅದೇ ಹೀರಿಕೊಳ್ಳುತ್ತದೆ. ತಿರುಳನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ, ಆದಷ್ಟು ನುಣ್ಣಗೆ ಪುಡಿ ಮಾಡಿ. ತರಿ ತರಿಯಾಗಿ ಬಿಟ್ಟರೆ ಜಿಡ್ಡು ಒಳಗೇ ಉಳಿಯುತ್ತದೆ.

ಈಗ ಕುದಿಸುವುದು. ಪುಡಿಗೆ ನಾಲ್ಕು ಪಾಲು ನೀರು, ಒಂದು ಚಮಚ ಉಪ್ಪು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆ ಸಾಕು. ಕೊತಕೊತ ಕುದಿಸಬೇಡಿ, ಜಾಸ್ತಿ ತಿರುವಬೇಡಿ. ಹಾಗೆ ಮಾಡಿದರೆ ಜಿಡ್ಡು ಸಣ್ಣ ಹನಿಗಳಾಗಿ ಪುಡಿಯೊಂದಿಗೆ ಬೆರೆತು ಗಂಜಿಯ ಹಾಗೆ ಆಗುತ್ತದೆ, ಮೇಲೆ ಬರುವುದೇ ಇಲ್ಲ. ಉಪ್ಪು ಈ ಬೆರಕೆಯನ್ನು ಬಿಡಿಸಲು ನೆರವಾಗುತ್ತದೆ. ಒಲೆ ಆರಿಸಿ ಪಾತ್ರೆ ಅಲ್ಲಾಡಿಸದೆ ರಾತ್ರಿಯಿಡೀ ಬಿಡಿ. ಈ ತುಪ್ಪದಲ್ಲಿ ಜಿಡ್ಡನ್ನು ಗಟ್ಟಿಯಾಗಿಸುವ ಸ್ಟಿಯರಿಕ್ ಆಮ್ಲ ಜಾಸ್ತಿ. ಕರಗಬೇಕಾದರೆ 38–40 ಡಿಗ್ರಿ ಬಿಸಿ ಬೇಕು. ಹಾಗಾಗಿ ಮೇ ಸೆಕೆಯಲ್ಲೂ ಫ್ರಿಜ್ ಇಲ್ಲದೆ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬೆಳಿಗ್ಗೆ ಆ ಪದರ ಎತ್ತಿಕೊಳ್ಳಿ. ತಳದ ರೊಚ್ಚಿಗೆ ಹೊಸ ನೀರು ಹಾಕಿ ಇನ್ನೊಂದು ಸಲ ಕಾಯಿಸಿದರೆ ಸ್ವಲ್ಪ ಮತ್ತೆ ಸಿಗುತ್ತದೆ. ಮೂರನೇ ಸಲ ಗ್ಯಾಸ್ ದಂಡ.

ಎತ್ತಿದ ಪದರದಲ್ಲಿ ನೀರು ಇದ್ದೇ ಇರುತ್ತದೆ. ಸಣ್ಣ ಉರಿಯಲ್ಲಿ ಕರಗಿಸಿ, ಚಟಪಟ ಸದ್ದು ನಿಲ್ಲುವ ತನಕ ಕಾಯಿಸಿ. ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ, ಒಣ ಬಟ್ಟಲಿಗೆ ಹೊಯ್ಯಿರಿ.

ಬೀಜ ಹತ್ತಿಪ್ಪತ್ತು ಕಿಲೋ ಇದ್ದರೆ ಎಣ್ಣೆ ಗಿರಣಿಗೆ ಒಯ್ಯುವುದೇ ವಾಸಿ. ಅಲ್ಲಿಯೂ ಒಂದು ಕಿವಿಮಾತು: ತಣ್ಣಗಿನ ಬೀಜ ಕೊಡಬೇಡಿ. ಒಳಗಿನ ಜಿಡ್ಡು ಗಟ್ಟಿಯಾಗಿರುವಾಗ ಎಷ್ಟು ಒತ್ತಿದರೂ ಹರಿಯುವುದಿಲ್ಲ, ಹಿಂಡಿಯಲ್ಲೇ ಉಳಿಯುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಚೆನ್ನಾಗಿ ಕಾದ ಬೀಜವನ್ನು ಗೋಣಿಯಲ್ಲಿ ಸುತ್ತಿ ನೇರವಾಗಿ ಗಿರಣಿಗೆ ಒಯ್ಯಿರಿ. ಕಾರ್ಖಾನೆಗಳು ಹೆಕ್ಸೇನ್ ಹಾಕಿ ಉಳಿದ ಜಿಡ್ಡನ್ನೂ ಎಳೆಯುತ್ತವೆ. ಅದು ಬೇಗ ಬೆಂಕಿ ಹಿಡಿಯುವ ಪೆಟ್ರೋಲಿಯಂ ದ್ರವ, ಮನೆಯಲ್ಲಿ ಆ ಗೊಡವೆಗೇ ಹೋಗಬೇಡಿ. ಉಳಿದ ಹಿಂಡಿ ಗಿಡಗಳ ಗೊಬ್ಬರಕ್ಕೆ ಆಗುತ್ತದೆ.