ಅಂಗಡಿ ಹೆಸರಿನ ಕ್ರೆಡಿಟ್ ಕಾರ್ಡ್: ಬಿಲ್ ಕಟ್ಟೋದು ಹೇಗೆ, ಬಡ್ಡಿ ತಪ್ಪಿಸೋದು ಹೇಗೆ?

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಕೂಲರ್, ಫ್ರಿಜ್, ಎಸಿ ಮಾರುವ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಿಲ್ ಮಾಡಿಸಲು ನಿಂತರೆ ಪಕ್ಕದಲ್ಲೇ ಸಣ್ಣ ಟೇಬಲ್ ಹಾಕಿಕೊಂಡು ಕೂತ ಹುಡುಗ ಕರೆಯುತ್ತಾನೆ: "ಸರ್, ನಮ್ಮ ಕಾರ್ಡ್ ಮಾಡಿಸ್ಕೊಳ್ರಿ, ಡಿಸ್ಕೌಂಟ್ ಸಿಗ್ತದ, ಬಡ್ಡಿ ಏನೂ ಇಲ್ರಿ." ಅವನು ಸುಳ್ಳು ಹೇಳುತ್ತಿಲ್ಲ. ಬಡ್ಡಿ ಇಲ್ಲ ಅನ್ನುವ ಮಾತಿಗೆ ಒಂದು ಷರತ್ತಿದೆ, ಅದನ್ನು ಬಿಟ್ಟು ಹೇಳುತ್ತಾನೆ ಅಷ್ಟೇ. ಬಿಲ್‌ನಲ್ಲಿ ಬಂದ ಪೂರ್ತಿ ಹಣವನ್ನು ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ನೂರು ರೂಪಾಯಿ ಉಳಿಸಿಕೊಂಡರೂ ಲೆಕ್ಕವೇ ಬೇರೆ.

ಕಾರ್ಡ್ ಈಗಾಗಲೇ ಕೈಗೆ ಬಂದಿದೆ ಅಂತಿಟ್ಟುಕೊಳ್ಳೋಣ. ಮುಂದೇನು?

ಮೊದಲು, ಸಾಲ ಕೊಟ್ಟವರು ಯಾರು ನೋಡಿ

ಕಾರ್ಡ್ ಮೇಲೆ ಅಂಗಡಿ ಹೆಸರು ದೊಡ್ಡದಾಗಿ ಇರುತ್ತದೆ. ಆದರೆ ಸಾಲ ಕೊಡುವುದು ಅಂಗಡಿ ಅಲ್ಲ, ಬ್ಯಾಂಕು. ಅಮೆಜಾನ್ ಪೇ ಕಾರ್ಡ್ ಐಸಿಐಸಿಐ ಬ್ಯಾಂಕಿನದು. ಫ್ಲಿಪ್‌ಕಾರ್ಟ್ ಹೆಸರಿನ ಒಂದು ಕಾರ್ಡನ್ನು ಆಕ್ಸಿಸ್ ಬ್ಯಾಂಕ್ ಕೊಡುತ್ತದೆ. ರಿಲಯನ್ಸ್ ಅಂಗಡಿಗಳದ್ದು ಎಸ್‌ಬಿಐ ಕಾರ್ಡ್ ಕಂಪನಿಯದು. ಹಾಗಾಗಿ ಬಿಲ್ ಬಗ್ಗೆ ತಕರಾರು ಇದ್ದರೆ ಅಂಗಡಿ ಕೌಂಟರ್‌ನಲ್ಲಿ ಗಲಾಟೆ ಮಾಡಿ ಏನೂ ಉಪಯೋಗವಿಲ್ಲ, ಅವರ ಕೈಯಲ್ಲಿ ಏನೂ ಇಲ್ಲ. ಕಾರ್ಡಿನ ಹಿಂದೆ ಇರುವ ನಂಬರ್ ಬ್ಯಾಂಕಿನದು, ಅದಕ್ಕೇ ಫೋನ್ ಮಾಡಬೇಕು. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಮೋಸಗಾರರು ಹಾಕಿಟ್ಟ ನಂಬರ್‌ಗಳೂ ಇರುತ್ತವೆ.

ಮೊಬೈಲ್, ಟಿವಿ ಅಂಗಡಿಗಳಲ್ಲಿ ಕೊಡುವ ಇಎಂಐ ಕಾರ್ಡ್ ಬೇರೆ ಜಾತಿ. ಅದು ಕ್ರೆಡಿಟ್ ಕಾರ್ಡೇ ಅಲ್ಲ. ಪ್ರತಿ ಖರೀದಿಗೂ ಒಂದೊಂದು ಸಾಲ ಹುಟ್ಟುತ್ತದೆ, ತಿಂಗಳ ಕಂತು ನಿಮ್ಮ ಖಾತೆಯಿಂದ ತಾನಾಗಿ ಕಟ್ ಆಗುತ್ತದೆ. ಆ ದಿನ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಸಾಲ ಕೊಟ್ಟ ಕಂಪನಿಯೂ ದಂಡ ಹಾಕುತ್ತದೆ, ನಿಮ್ಮ ಬ್ಯಾಂಕೂ ಬೌನ್ಸ್ ಶುಲ್ಕ ಹಿಡಿಯುತ್ತದೆ. ಎರಡು ಕಡೆ ಪೆಟ್ಟು.

ತಾರೀಖು ಎರಡು, ಮೊತ್ತ ಎರಡು

ತಿಂಗಳಿಗೊಮ್ಮೆ ಬ್ಯಾಂಕು ಸ್ಟೇಟ್‌ಮೆಂಟ್ ಕಳಿಸುತ್ತದೆ, ಇಮೇಲ್‌ಗೆ ಅಥವಾ ಆ್ಯಪ್‌ಗೆ. ಅದರಲ್ಲಿ ನಾಲ್ಕಾರು ಪುಟ ಇದ್ದರೂ ನೋಡಬೇಕಾದ್ದು ಸ್ವಲ್ಪವೇ. ಬಿಲ್ ಆದ ತಾರೀಖು, ಕಟ್ಟಬೇಕಾದ ಕೊನೆ ತಾರೀಖು, ಒಟ್ಟು ಬಾಕಿ, ಕನಿಷ್ಠ ಮೊತ್ತ. ಬಿಲ್ ಆದ ದಿನದಿಂದ ಕೊನೆ ದಿನದವರೆಗೆ ಸಾಮಾನ್ಯವಾಗಿ 18ರಿಂದ 20 ದಿನ ಸಿಗುತ್ತದೆ. ಬಿಲ್ ಆದ ಮರುದಿನ ಏನಾದರೂ ಕೊಂಡರೆ ಅದು ಮುಂದಿನ ತಿಂಗಳ ಬಿಲ್‌ಗೆ ಹೋಗುತ್ತದೆ, ಅಂದರೆ ಹತ್ತಿರ ಹತ್ತಿರ 50 ದಿನ ಬಡ್ಡಿ ಇಲ್ಲದ ಸಾಲ. ಬಿಲ್ ಆಗುವ ಹಿಂದಿನ ದಿನ ಕೊಂಡರೆ ಮೂರು ವಾರ ಮಾತ್ರ. ಫ್ರಿಜ್‌ನಂಥ ದೊಡ್ಡ ಸಾಮಾನು ಕೊಳ್ಳುವಾಗ ಒಂದೆರಡು ದಿನ ತಡೆದರೆ ಒಂದು ತಿಂಗಳು ಪುಕ್ಕಟೆ ಸಿಗುತ್ತದೆ, ಇದನ್ನು ಅಂಗಡಿಯವರು ಹೇಳೋದಿಲ್ಲ.

ಬಿಲ್ ತಾರೀಖು ನಿಮಗೆ ಹೊಂದದಿದ್ದರೆ ಬದಲಿಸಿಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬ್ಯಾಂಕು ಕನಿಷ್ಠ ಒಂದು ಸಲವಾದರೂ ಇದಕ್ಕೆ ಅವಕಾಶ ಕೊಡಲೇಬೇಕು. ಸಂಬಳದವರು ಸಂಬಳ ಬಂದ ನಾಲ್ಕೈದು ದಿನಕ್ಕೆ ಕೊನೆ ತಾರೀಖು ಬರುವಂತೆ ಮಾಡಿಕೊಳ್ಳಿ. 25ನೇ ತಾರೀಖು ಕೊನೆ ದಿನ ಇದ್ದರೆ ಕೈಯಲ್ಲಿ ಏನು ಉಳಿದಿರುತ್ತದೆ ಹೇಳಿ?

ಒಕ್ಕಲುತನದವರದು ಬೇರೆ ಕಥೆ. ನಮ್ಮ ಕಡೆ ತೊಗರಿ ದುಡ್ಡು ಕೈಗೆ ಬರುವುದು ರಾಶಿಯಾಗಿ ಎಪಿಎಂಸಿಗೆ ಹೋದ ಮೇಲೆ, ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ. ಊರ ಕಿರಾಣಿ ಅಂಗಡಿಯವನು ಉದ್ರಿ ಬರೆದುಕೊಂಡು ರಾಶಿ ಆಗುವ ತನಕ ಕಾಯುತ್ತಾನೆ. ಕಾರ್ಡ್ ಕಾಯುವುದಿಲ್ಲ, ಅದಕ್ಕೆ ಪ್ರತಿ ತಿಂಗಳೂ ಸುಗ್ಗಿಯೇ. ಜೂನ್‌ನಲ್ಲಿ ಬಿತ್ತನೆ ಬೀಜ, ಗೊಬ್ಬರದ ಖರ್ಚಿನ ನಡುವೆ ಈ ಬಿಲ್ಲೂ ಬರುತ್ತದೆ. ತಿಂಗಳ ಆದಾಯ ಇಲ್ಲದವರು ಇಂಥ ಕಾರ್ಡ್ ತಗೊಳ್ಳದೆ ಇರುವುದೇ ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ. ತಗೊಂಡಿದ್ದರೆ, ಬ್ಯಾಂಕಿನಲ್ಲಿ ಇರುವ ದುಡ್ಡಿನಷ್ಟಕ್ಕೇ ಉಜ್ಜಿ.

ಕನಿಷ್ಠ ಮೊತ್ತ ಅನ್ನುವ ಬಲೆ

ಬಿಲ್‌ನಲ್ಲಿ ಒಟ್ಟು ಬಾಕಿ 30,000 ರೂ. ಅಂತ ಇರುತ್ತದೆ, ಪಕ್ಕದಲ್ಲೇ ಕನಿಷ್ಠ ಮೊತ್ತ 1,500 ರೂ. ಅಂತ. ಆ್ಯಪ್ ತೆರೆದರೆ ಎರಡೂ ಬಟನ್ ಅಕ್ಕಪಕ್ಕ. ಎಷ್ಟೋ ಜನ 1,500 ಕಟ್ಟಿ, ಈ ತಿಂಗಳದ್ದು ಮುಗೀತು ಅಂತ ಸುಮ್ನೆ ಇದ್ದುಬಿಡುತ್ತಾರೆ. ಲೇಟ್ ಫೀ ಬೀಳುವುದಿಲ್ಲ ನಿಜ, ಸಿಬಿಲ್‌ನಲ್ಲಿ (ಯಾರು ಸಾಲ ಹೇಗೆ ತೀರಿಸುತ್ತಾರೆ ಅಂತ ದಾಖಲೆ ಇಡುವ ಸಂಸ್ಥೆ) ಕಂತು ತಪ್ಪಿಸಿದವರು ಅಂತಲೂ ಬರುವುದಿಲ್ಲ. ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ಏಪ್ರಿಲ್ 10ಕ್ಕೆ 30,000 ರೂ. ಫ್ರಿಜ್ ಕೊಂಡಿರಿ. ಏಪ್ರಿಲ್ 20ಕ್ಕೆ ಬಿಲ್ ಆಯಿತು, ಕೊನೆ ದಿನ ಮೇ 8. ಆ ದಿನ 1,500 ಕಟ್ಟಿದಿರಿ. ಬಡ್ಡಿ ತಿಂಗಳಿಗೆ ಶೇ 3.5 ಅಂತಿಟ್ಟುಕೊಳ್ಳಿ, ಅಂದರೆ ವರ್ಷಕ್ಕೆ ಶೇ 42. ಅನೇಕ ಕಾರ್ಡ್‌ಗಳಲ್ಲಿ ಇದು ಇನ್ನೂ ಸ್ವಲ್ಪ ಜಾಸ್ತಿಯೇ ಇದೆ. ಪೂರ್ತಿ ಕಟ್ಟದ ಕಾರಣ ಬಡ್ಡಿ ಶುರುವಾಗುವುದು ಮೇ 8ರಿಂದ ಅಲ್ಲ, ಕೊಂಡ ದಿನದಿಂದ, ಅಂದರೆ ಏಪ್ರಿಲ್ 10ರಿಂದ. ಮೇ 8ರ ತನಕ 28 ದಿನಕ್ಕೆ ಪೂರ್ತಿ 30,000ದ ಮೇಲೆ ಸುಮಾರು 967 ರೂ. ಅಲ್ಲಿಂದ ಮೇ 20ರ ಬಿಲ್ ತನಕ ಉಳಿದ 28,500ರ ಮೇಲೆ ಸುಮಾರು 393. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, ಸುಮಾರು 245. ಎಲ್ಲ ಸೇರಿ 1,605 ರೂ.

ಈಗ ಮೇ 20ರ ಬಿಲ್ ಎಷ್ಟಾಯಿತು? 30,105 ರೂ. ಒಂದೂವರೆ ಸಾವಿರ ಕಟ್ಟಿದ ಮೇಲೆ ಬಾಕಿ 105 ರೂ. ಜಾಸ್ತಿ ಆಗಿದೆ. ಹಲವು ಬ್ಯಾಂಕುಗಳಲ್ಲಿ ಮುಂದಿನ ಕನಿಷ್ಠ ಮೊತ್ತಕ್ಕೆ ಈ ಬಡ್ಡಿ, ಜಿಎಸ್‌ಟಿ ಎರಡೂ ಸೇರುವುದರಿಂದ ಅದೂ ಹೆಚ್ಚು ಕಡಿಮೆ ಡಬಲ್, 3,000 ರೂ. ಹತ್ತಿರ.

ಇಷ್ಟಕ್ಕೇ ಮುಗಿಯುವುದಿಲ್ಲ. ಹಳೆ ಬಾಕಿ ಇರುವ ತನಕ ಹೊಸ ಖರೀದಿಗೂ ಆ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಆ ತಿಂಗಳು ಅದೇ ಕಾರ್ಡ್ ಉಜ್ಜಿ ಎಣ್ಣೆ, ಬೇಳೆ ತಂದರೆ ತಂದ ದಿನದಿಂದಲೇ ಬಡ್ಡಿ. ಆದ್ದರಿಂದ ಬಾಕಿ ಉಳಿದಿದ್ದರೆ ಮೊದಲು ಆ ಕಾರ್ಡನ್ನು ಎತ್ತಿಡಿ, ಪೂರ್ತಿ ತೀರುವ ತನಕ ಹೊರಗೆ ತೆಗೆಯಬೇಡಿ. ತೀರಿಸಿದ ಮೇಲೂ ಮುಂದಿನ ಬಿಲ್‌ನಲ್ಲಿ ಇನ್ನೂರು ಮುನ್ನೂರು ಬಡ್ಡಿ ಕಾಣಿಸಿದರೆ ಗಾಬರಿಯಾಗಬೇಡಿ, ಅದು ಬಿಲ್ ಆದ ದಿನದಿಂದ ನೀವು ಕಟ್ಟಿದ ದಿನದವರೆಗಿನದು. ಅದನ್ನೂ ಕಟ್ಟಿದರೆ ಮುಗಿಯಿತು. ಎಲ್ಲ ಕಟ್ಟಿದ್ದೇನಲ್ಲ ಅಂತ ಅದನ್ನು ಹಾಗೇ ಬಿಟ್ಟರೆ ಅದಕ್ಕೊಂದು ಲೇಟ್ ಫೀ ಸೇರಿಕೊಳ್ಳಬಹುದು.

ಬಡ್ಡಿಗೆ ಮೇಲ್ಮಿತಿ ಇಲ್ಲವೇ ಅಂತ ಕೇಳಬಹುದು. ಶೇ 30 ದಾಟಬಾರದು ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಆದ್ದರಿಂದ ಆ ಮಿತಿಯನ್ನು ನಂಬಿಕೊಂಡು ಕೂರಬೇಡಿ.

ಕಟ್ಟುವುದು ಹೇಗೆ

ಇದು ಸುಲಭದ ಭಾಗ. ಬ್ಯಾಂಕಿನ ಆ್ಯಪ್‌ನಿಂದ ಕಟ್ಟಬಹುದು, ಫೋನ್‌ಪೇ, ಗೂಗಲ್ ಪೇಯಂಥ ಯುಪಿಐ ಆ್ಯಪ್‌ಗಳಿಂದಲೂ ಕಟ್ಟಬಹುದು. ಅಲ್ಲಿ ಕ್ರೆಡಿಟ್ ಕಾರ್ಡ್ ಬಿಲ್ ಅನ್ನುವ ಜಾಗಕ್ಕೆ ಹೋಗಿ ಬ್ಯಾಂಕು ಆರಿಸಿ, ರಿಜಿಸ್ಟರ್ ಆದ ಮೊಬೈಲ್ ನಂಬರ್ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿ ಕೊಟ್ಟರೆ ಬಾಕಿ ಎಷ್ಟು ಅಂತ ಅದೇ ತೋರಿಸುತ್ತದೆ. ಪಟ್ಟಿಯಲ್ಲಿ ಅಂಗಡಿ ಹೆಸರು ಹುಡುಕಿ ಸಿಗಲಿಲ್ಲ ಅನ್ನುವವರು ಬ್ಯಾಂಕಿನ ಹೆಸರು ಹುಡುಕಿ. ಬಿಲ್ ಕಟ್ಟಲು ಕಾರ್ಡಿನ ಹಿಂದಿನ ಮೂರು ಅಂಕಿಯ ಸಿವಿವಿ ಬೇಕಾಗುವುದೇ ಇಲ್ಲ. ಯಾರಾದರೂ ಬಿಲ್ ಕಟ್ಟುವ ನೆಪದಲ್ಲಿ ಅದನ್ನು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಯಾದಗಿರಿ, ಸುರಪುರದ ಹಳ್ಳಿಗಳಲ್ಲಿ ಆನ್‌ಲೈನ್ ಸೆಂಟರ್‌ಗೆ ಹೋಗಿ ಕಟ್ಟಿಸುವವರೂ ಇದ್ದಾರೆ. ಕಟ್ಟಿಸಿ, ಆದರೆ ಮೊಬೈಲನ್ನು ಅವರ ಕೈಗೆ ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಹಣ ಹೋದ ರೆಫರೆನ್ಸ್ ನಂಬರ್ ಇರುವ ರಸೀದಿ ತಗೊಳ್ಳಿ. ಬ್ಯಾಂಕ್ ಶಾಖೆಯಲ್ಲಿ ನಗದು ಕಟ್ಟಿದರೆ ಅದಕ್ಕೇ ಒಂದು ಶುಲ್ಕ ಹಾಕುವ ಬ್ಯಾಂಕುಗಳಿವೆ. ಚೆಕ್ ಆದರೆ ಕ್ಲಿಯರ್ ಆಗಲು ಬೇಕಾದ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎಲ್ಲಕ್ಕಿಂತ ಒಳ್ಳೆಯದು ಆಟೋ ಡೆಬಿಟ್, ಅಂದರೆ ಬಿಲ್ ಹಣ ನಿಮ್ಮ ಖಾತೆಯಿಂದ ತಾನಾಗಿ ಕಟ್ ಆಗುವ ವ್ಯವಸ್ಥೆ. ಒಂದೇ ಎಚ್ಚರ: ಫಾರ್ಮ್ ತುಂಬುವಾಗ ಕನಿಷ್ಠ ಮೊತ್ತ, ಒಟ್ಟು ಬಾಕಿ ಅಂತ ಎರಡು ಆಯ್ಕೆ ಇರುತ್ತದೆ. ಒಟ್ಟು ಬಾಕಿಗೇ ಗುರುತು ಹಾಕಿ. ಇಲ್ಲದಿದ್ದರೆ ಮೇಲೆ ಹೇಳಿದ ಬಲೆಗೆ ಪ್ರತಿ ತಿಂಗಳು ತಾನಾಗಿಯೇ ಬೀಳುತ್ತೀರಿ.

ಕೊನೆ ದಿನ ರಾತ್ರಿ ಹನ್ನೊಂದಕ್ಕೆ ಕಟ್ಟೋಣ ಅಂತ ಕೂರಬೇಡಿ. ಸರ್ವರ್ ಕೈಕೊಡಬಹುದು, ಹಣ ಜಮಾ ಆಗಲು ಒಂದೆರಡು ದಿನ ಹಿಡಿಯಬಹುದು. ಮೂರು ದಿನ ಮುಂಚೆ ಕಟ್ಟಿಬಿಡಿ. ಹಾಗೂ ಮರೆತುಹೋದರೆ, ಕೊನೆ ತಾರೀಖು ಆಗಿ ಮೂರು ದಿನ ದಾಟುವ ತನಕ ಲೇಟ್ ಫೀ ಹಾಕುವಂತಿಲ್ಲ, ಸಿಬಿಲ್‌ಗೆ ಬಾಕಿದಾರ ಅಂತ ಕಳಿಸುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಬಡ್ಡಿಗೂ ಈ ಮೂರು ದಿನದ ರಿಯಾಯಿತಿ ಇದೆ ಅಂತ ಅಂದುಕೊಳ್ಳಬೇಡಿ.

ನೋ ಕಾಸ್ಟ್ ಕಂತು, ವಾಪಸ್ ಬಂದ ಸಾಮಾನು

ನೋ ಕಾಸ್ಟ್ ಇಎಂಐನಲ್ಲಿ, ಅಂದರೆ ಬಡ್ಡಿ ಇಲ್ಲದ ಕಂತು ಅಂತ ಹೇಳಿ ಕೊಡುವುದರಲ್ಲಿ, ಬಡ್ಡಿಯಷ್ಟು ಹಣವನ್ನು ಮೊದಲೇ ಡಿಸ್ಕೌಂಟ್ ಅಂತ ಕಳೆಯುತ್ತಾರೆ. ಆದರೆ ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಿಮ್ಮದೇ, ಪ್ರೊಸೆಸಿಂಗ್ ಫೀ ಇದ್ದರೆ ಅದೂ ನಿಮ್ಮದೇ. ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡ್ತೀರಿ ಅಂತ ಅಂಗಡಿಯಲ್ಲಿ ಒಮ್ಮೆ ಕೇಳಿ, ಕೆಲವೊಮ್ಮೆ ನಿಜವಾದ ಬೆಲೆ ಆಗ ಹೊರಬೀಳುತ್ತದೆ. ಕಂತು ಪೂರ್ತಿಯಾಗಿ ಆ ತಿಂಗಳ ಕನಿಷ್ಠ ಮೊತ್ತದೊಳಗೇ ಸೇರಿರುತ್ತದೆ ಅನ್ನೋದೂ ನೆನಪಿರಲಿ.

ಬೀದರ್‌ನವರು ಹೈದರಾಬಾದ್‌ಗೆ ಹೋಗಿ ಬಟ್ಟೆ, ಟಿವಿ ತರುವುದು ಮಾಮೂಲಿ. ಸಾಮಾನು ವಾಪಸ್ ಕೊಟ್ಟರೆ ಹಣ ಕಾರ್ಡಿಗೇ ಮರಳುತ್ತದೆ, ಕೈಗಲ್ಲ. ಕೊನೆ ತಾರೀಖಿನೊಳಗೆ ಅದು ಜಮಾ ಆದರೆ ಕಟ್ಟಬೇಕಾದ ಬಾಕಿಯಲ್ಲಿ ಕಳೆಯಬೇಕು ಅಂತ ನಿಯಮವಿದೆ. ಜಮಾ ಆಗದೆ ಕೊನೆ ದಿನ ಬಂತೆಂದರೆ, ಬರುತ್ತದಲ್ಲ ಅಂತ ಕಾಯದೆ ಪೂರ್ತಿ ಕಟ್ಟಿಬಿಡಿ. ಹಣ ಬಂದ ಮೇಲೆ ಮುಂದಿನ ಬಿಲ್‌ನಲ್ಲಿ ಕಡಿಮೆಯಾಗುತ್ತದೆ.

ಕಟ್ಟಲು ಆಗುತ್ತಿಲ್ಲ ಅಂದರೆ

ಫೋನ್ ಎತ್ತದೆ ಇರಬೇಡಿ. ಬ್ಯಾಂಕಿಗೆ ನೀವೇ ಫೋನ್ ಮಾಡಿ ಬಾಕಿಯನ್ನು ಕಂತಾಗಿ ಬದಲಿಸಿ ಅಂತ ಕೇಳಿ, ಆ ಬಡ್ಡಿ ಶೇ 42ಕ್ಕಿಂತ ಸಾಕಷ್ಟು ಕಡಿಮೆ ಇರುತ್ತದೆ. ಮನೆಯಲ್ಲಿ ಬಂಗಾರ ಇದ್ದರೆ ಬ್ಯಾಂಕಿನಲ್ಲಿ ಇಟ್ಟು ಸಾಲ ತಗೊಂಡು ಇದನ್ನು ತೀರಿಸಿದರೆ ಇನ್ನೂ ಅಗ್ಗ. ಮನೆಯವರು ಒಪ್ಪುವುದು ಕಷ್ಟ, ಗೊತ್ತು. ಆದರೆ ಲೆಕ್ಕ ತೋರಿಸಿದರೆ ಒಪ್ಪುತ್ತಾರೆ. ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆಯುವುದು ಮಾತ್ರ ಬೇಡವೇ ಬೇಡ. ತೆಗೆದ ಗಳಿಗೆಯಿಂದ ಬಡ್ಡಿ, ಮೇಲೆ ಶುಲ್ಕ ಬೇರೆ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆಂಟರಿಗೆ, ನೆರೆಯವರಿಗೆ ಫೋನ್ ಮಾಡಿ ಮರ್ಯಾದೆ ತೆಗೆಯುವಂತೆಯೂ ಇಲ್ಲ.

ದೂರು, ಮತ್ತೆ ಕಾರ್ಡ್ ಬಂದ್ ಮಾಡೋದು

ನೀವು ಮಾಡದ ಖರೀದಿ ಬಿಲ್‌ನಲ್ಲಿ ಕಂಡರೆ ಅದೇ ದಿನ ಕಾರ್ಡ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಬರೆದು ತಿಳಿಸಿ. ಆನ್‌ಲೈನ್ ಮೋಸ ಆಗಿದ್ದರೆ 1930ಕ್ಕೂ ಫೋನ್ ಮಾಡಿ. ಬ್ಯಾಂಕು 30 ದಿನದೊಳಗೆ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಅನ್ನಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಆಲಿಸುವ ಅಧಿಕಾರಿ) ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ದಾರಿ ಹೇಳುತ್ತಾರೆ.

ಕಾರ್ಡ್ ಸಾಕು ಅನ್ನಿಸಿದರೆ ಕತ್ತರಿಸಿ ಬಿಸಾಡಿದರೆ ಸಾಲದು, ವಾರ್ಷಿಕ ಶುಲ್ಕ ಇರುವ ಕಾರ್ಡಾದರೆ ಅದು ಬರುತ್ತಲೇ ಇರುತ್ತದೆ. ಮೊದಲು ಉಳಿದ ಪಾಯಿಂಟ್, ಕ್ಯಾಶ್‌ಬ್ಯಾಕ್ ಖರ್ಚು ಮಾಡಿಕೊಳ್ಳಿ. ಬಾಕಿ ಪೂರ್ತಿ ತೀರಿಸಿ, ಕಾರ್ಡಿಗೆ ಜೋಡಿಸಿದ ಮೊಬೈಲ್ ರೀಚಾರ್ಜ್, ಒಟಿಟಿ ಚಂದಾ ಎಲ್ಲ ಬಿಡಿಸಿ, ಆಮೇಲೆ ಮುಚ್ಚಲು ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ 7 ಕೆಲಸದ ದಿನಗಳೊಳಗೆ ಬ್ಯಾಂಕು ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂ. ನಿಮಗೆ ಕೊಡಬೇಕು. ಮುಚ್ಚಿದ್ದೇವೆ ಅನ್ನುವ ಇಮೇಲ್ ಅಥವಾ ಎಸ್‌ಎಂಎಸ್ ತೆಗೆದಿಟ್ಟುಕೊಳ್ಳಿ. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆಸಿ ನೋಡಿ, ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಆ ಕಾರ್ಡಿನ ಎದುರು ಖಾತೆ ಮುಚ್ಚಿದೆ ಅಂತ ಬಂದಿರಬೇಕು. ಬಂದಿಲ್ಲದಿದ್ದರೆ ಆ ಇಮೇಲನ್ನೇ ಜೊತೆಗಿಟ್ಟು ಬ್ಯಾಂಕಿಗೂ ಸಿಬಿಲ್‌ಗೂ ತಿದ್ದುಪಡಿ ಕೇಳಿ.