ಕಿಟ್‌ನಿಂದ ಮಡಚುವ ಚಾಕು: ಮೊದಲು ಲಾಕ್, ಆಮೇಲೆ ಹಿಡಿ

ಲೈನರ್ ಲಾಕ್ ಕಿಟ್ ಬಿಚ್ಚಿದರೆ ಸಿಗುವುದು ಇಷ್ಟು: ಹದ ಹಾಕಿ ಮುಗಿಸಿದ ಅಲಗು, ಹಿಡಿಯ ಒಳಬದಿಗೆ ಕೂರುವ ಎರಡು ಉಕ್ಕಿನ ತಗಡು ಅಂದರೆ ಲೈನರ್, ಅಲಗು ತಿರುಗುವ ಪಿವಟ್ ಸ್ಕ್ರೂ, ಎರಡು ವಾಷರ್, ತೆರೆದ ಅಲಗನ್ನು ತಡೆದು ನಿಲ್ಲಿಸುವ ಸ್ಟಾಪ್ ಪಿನ್, ಬೆನ್ನಿನ ಸ್ಪೇಸರ್, ಒಂದಷ್ಟು ಪುಟ್ಟ ಸ್ಕ್ರೂ. ಹಿಡಿಯ ಮರ ನಮ್ಮ ಆಯ್ಕೆ. ಕೈ ಮೊದಲು ಮರದ ಕಡೆಗೇ ಹೋಗುತ್ತದೆ. ನಾನು ಅದನ್ನು ಬದಿಗಿಟ್ಟು, ಅಲಗಿನ ಬಾಯಿಗೆ ಮಾಸ್ಕಿಂಗ್ ಟೇಪ್ ಸುತ್ತಿ, ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸುತ್ತೇನೆ.

ಆಗ ನೋಡಬೇಕಾದದ್ದು ಲಾಕ್, ಅಂದರೆ ಒಂದು ಲೈನರಿನಲ್ಲೇ ಸೀಳಿ ಬಿಟ್ಟ, ತೆರೆದ ಅಲಗಿನ ಬುಡಕ್ಕೆ ಚಿಮ್ಮಿ ಕೂತು ಅದು ಮಡಚದಂತೆ ತಡೆಯುವ ಪಟ್ಟಿ. ಅಲಗು ಪೂರ್ತಿ ತೆರೆದಾಗ ಲಾಕ್ ಪಟ್ಟಿಯ ತುದಿ ಅಲಗಿನ ಬುಡದ ದಪ್ಪದಲ್ಲಿ ಮೂರನೇ ಒಂದರಿಂದ ಅರ್ಧದವರೆಗೆ ಬಂದು ಕೂರಬೇಕು. ಅಂಚಿಗಷ್ಟೇ ತಾಗಿದರೆ ಒತ್ತಡ ಬಿದ್ದಾಗ ಜಾರಿ ಬೆರಳ ಮೇಲೆ ಮಡಚಿಕೊಳ್ಳುತ್ತದೆ. ಹಾಗಿದ್ದರೆ ಪಟ್ಟಿಯ ತುದಿಯನ್ನು, ಅದರ ಓರೆ ಕೆಡದಂತೆ, ನಯವಾದ ಅರದಿಂದ ಮೂರು-ನಾಲ್ಕು ಸಲ ಉಜ್ಜಿ ಮತ್ತೆ ಜೋಡಿಸಿ ನೋಡುತ್ತೇನೆ. ಉಜ್ಜಿದಷ್ಟೂ ಪಟ್ಟಿ ಆಚೆ ಸರಿಯುತ್ತದೆ. ಎದುರಿನ ಲೈನರ್‌ವರೆಗೂ ಹೋಯಿತೆಂದರೆ ತೆಗೆದ ಲೋಹ ಮರಳಿ ಬರದು. ಕೊಂಚ ದಪ್ಪನೆಯ ಸ್ಟಾಪ್ ಪಿನ್ ಹಾಕಿದರೆ ಮಾತ್ರ ಸ್ವಲ್ಪ ಹಿಂದಕ್ಕೆ ತರಬಹುದು. ಹಿಡಿ ಎಷ್ಟು ಚೆಂದವಿದ್ದರೂ ಲಾಕ್ ಸರಿಯಿಲ್ಲದ ಚಾಕುವನ್ನು ನಾನು ಯಾರ ಕೈಗೂ ಕೊಡುವುದಿಲ್ಲ.

ಮರಕ್ಕೆ 3-4 ಮಿ.ಮೀ. ದಪ್ಪ ಸಾಕು, ಆದರೆ ಲೈನರಿಗೆ ತಾಗುವ ಮುಖ ಚಪ್ಪಟೆಯಾಗಿರಲೇಬೇಕು. ಗಾಜಿನ ಮೇಲೆ 120ರ ಉಪ್ಪುಕಾಗದ (ಸಂಖ್ಯೆ ಹೆಚ್ಚಿದಷ್ಟೂ ನಯ) ಹಾಸಿ ಉಜ್ಜಿದರೆ ಆಗುತ್ತದೆ. ಮರ ಅಲುಗದಂತೆ ಲೈನರ್‌ಗೆ ಕ್ಲ್ಯಾಂಪ್ ಮಾಡಿ, ಲೈನರ್‌ನ ತೂತುಗಳನ್ನೇ ಗುರುತಾಗಿಟ್ಟು ಕೊರೆಯುತ್ತೇನೆ. ಕೆಳಗೊಂದು ಬೇಡದ ಹಲಗೆ ಇಡದಿದ್ದರೆ ಬಿಟ್ ಹೊರಬರುವಲ್ಲಿ ಮರ ಸೀಳುತ್ತದೆ. ಎಂ2 ಸ್ಕ್ರೂಗೆ 2.2 ಮಿ.ಮೀ. ಬಿಟ್ ಹಿಡಿಸುತ್ತದೆ. ಸ್ಕ್ರೂ ತಲೆ ಕೂರುವ ಗುಳಿಯನ್ನು ಹಿಡಿ ದುಂಡಗೆ ಮಾಡಿದ ಮೇಲೆ ಕೊರೆಯುವುದು ಲೇಸು. ಮೊದಲೇ ಕೊರೆದರೆ ಮರ ತೆಳುವಾಗುತ್ತ ಗುಳಿ ಆಳ ಕಳೆದುಕೊಂಡು ತಲೆ ಮೇಲೆದ್ದು ಬರುತ್ತದೆ.

ಅಂಟಿಸುವಾಗ ಆಗುವ ದೊಡ್ಡ ಅನಾಹುತ ಲಾಕ್ ಪಟ್ಟಿಯ ಸೀಳಿಗೆ ಎಪಾಕ್ಸಿ ಹರಿಯುವುದು. ಅದು ಕೂದಲೆಳೆಯಷ್ಟು ಸಂದು. ಕ್ಲ್ಯಾಂಪ್ ಬಿಗಿದ ಕೂಡಲೇ ಅಂಟು ಅದರೊಳಗೆ ತೆವಳುತ್ತದೆ, ಬೆಳಗಾಗುವಷ್ಟರಲ್ಲಿ ಪಟ್ಟಿ ಕಲ್ಲಿನಂತೆ ಅಲ್ಲಾಡದೆ ನಿಂತಿರುತ್ತದೆ. ಅದಕ್ಕೇ ಪಟ್ಟಿಯ ಮೇಲೂ ಸೀಳಿನೊಳಗೂ ಮೇಣದ ಬತ್ತಿ ಉಜ್ಜಿ, ಪಟ್ಟಿಯ ಎದುರಿನ ಮರದ ಭಾಗಕ್ಕೆ ಅಂಟು ಹಚ್ಚದೆ ಬಿಡುತ್ತೇನೆ. ಉಳಿದ ಲೈನರ್ ಮುಖವನ್ನು 80ರ ಕಾಗದದಿಂದ ಒರಟು ಮಾಡಿ ಅಸಿಟೋನ್‌ನಿಂದ ಒರೆಸಬೇಕು. ಒರೆಸಿದ ಮೇಲೆ ಬೆರಳು ಮುಟ್ಟಿಸಬಾರದು. ಐದು ನಿಮಿಷದ ಎಪಾಕ್ಸಿಗಿಂತ ನಿಧಾನಕ್ಕೆ ಗಟ್ಟಿಯಾಗುವುದೇ ನನಗೆ ಇಷ್ಟ, 24 ಗಂಟೆ ಮುಟ್ಟುವುದಿಲ್ಲ. ಕ್ಲ್ಯಾಂಪ್ ವಿಪರೀತ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ ಹಿಡಿ ಮುಂದೊಂದು ದಿನ ಬಿಟ್ಟುಕೊಳ್ಳುತ್ತದೆ.

ಆಕಾರ ಕೊಡುವಾಗ ಅಲಗು ಬಿಚ್ಚಿಟ್ಟಿರಬೇಕು. ಅರವನ್ನು ಹೊರ ಅಂಚಿನಿಂದ ಒಳಗೆ ತಳ್ಳಿದರೆ ಮರ ಚಕ್ಕೆ ಏಳುವುದಿಲ್ಲ. ಆಮೇಲೆ 120, 220, 400ರ ಕಾಗದ. ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಿಸಿದರೆ ಎದ್ದ ನಾರುಗಳನ್ನು 400 ಕತ್ತರಿಸುತ್ತದೆ. ಹೆಬ್ಬೆರಳು ಲಾಕ್ ಪಟ್ಟಿಯನ್ನು ತಲುಪುವಷ್ಟು ಅರ್ಧಚಂದ್ರದ ಕಚ್ಚು ಇಲ್ಲೇ ತೆಗೆಯಬೇಕು. ಬೀಟೆ, ಎಬೊನಿಯಂಥ ಮರದ ಧೂಳು ಚರ್ಮಕ್ಕೂ ಶ್ವಾಸಕ್ಕೂ ಒಗ್ಗುವುದಿಲ್ಲ. ಬಟ್ಟೆ ಅಥವಾ ಗಾಜಿನ ನಾರನ್ನು ರಾಳದಲ್ಲಿ ಒತ್ತಿ ಮಾಡಿದ ಮೈಕಾರ್ಟಾ, ಜಿ10 ಹಲಗೆಗಳ ಧೂಳು ಇನ್ನೂ ಕೆಟ್ಟದ್ದು. ಒಳ್ಳೆಯ ಮಾಸ್ಕ್ ಇಲ್ಲದೆ ಕೂರಬೇಡಿ. ಮರಕ್ಕೆ ಅಗಸೆ ಎಣ್ಣೆ ಹಚ್ಚಿದರೆ, ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಬೆಂಕಿ ಹತ್ತಿಕೊಳ್ಳಬಲ್ಲದು, ಬಿಡಿಸಿ ಒಣಹಾಕಿ.

ಕೊನೆಯ ಜೋಡಣೆಗೆ ಮುಂಚೆ ಎಲ್ಲ ಭಾಗದ ಧೂಳು ಒರೆಸಿ, ವಾಷರ್‌ಗಳಿಗೆ ಒಂದೊಂದು ಹನಿ ಎಣ್ಣೆ. ಪಿವಟ್ ಸ್ಕ್ರೂವನ್ನು ಅಲಗು ಬಿಗಿಯುವವರೆಗೆ ತಿರುಗಿಸಿ, ಸುತ್ತಿನ ಎಂಟನೇ ಒಂದರಷ್ಟು ಹಿಂದಕ್ಕೆ. ಅಲಗು ಒಂದು ಬದಿಗೆ ವಾಲಿದ್ದರೆ ಎಲ್ಲ ಸ್ಕ್ರೂ ಸಡಿಲಿಸಿ, ಅಲಗು ಮಡಚಿ, ಮೊದಲು ಪಿವಟ್, ಆಮೇಲೆ ಉಳಿದವು ಬಿಗಿಯುತ್ತೇನೆ. ಆಗಲೂ ವಾಲಿದರೆ ಎರಡು ವಾಷರ್ ಅದಲುಬದಲು. ಎಲ್ಲ ಹೊಂದಿದ ಮೇಲೆ ಪಿವಟ್‌ನ ಸ್ಕ್ರೂ ಮರೆಗಳಿಗೆ (ಸುರುಳಿ ಗೀರುಗಳಿಗೆ) ಮಾತ್ರ, ಸ್ಕ್ರೂ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು, ಅಂದರೆ ನೀಲಿ ಥ್ರೆಡ್‌ಲಾಕರ್, ಕಡ್ಡಿ ತುದಿಯಿಂದ. ವಾಷರ್‌ಗೆ ತಾಗಿದರೆ ಮತ್ತೆ ಪೂರ್ತಿ ಬಿಚ್ಚಬೇಕಾಗುತ್ತದೆ.

ಲಾಕ್ ಪರೀಕ್ಷಿಸಲು ಟೇಪ್ ಸುತ್ತಿದ ಅಲಗಿನ ಬೆನ್ನನ್ನು ಮೇಜಿನಂಚಿಗೆ ಮೆಲ್ಲಗೆ ಒತ್ತುತ್ತೇನೆ, ಬೆರಳುಗಳು ಅಲಗು ಮಡಚುವ ದಾರಿಯಲ್ಲಿ ಇರಬಾರದು. ಕುಟ್ಟುವುದು ಬೇಡ. ಅದಾದ ಮೇಲಷ್ಟೇ ಟೇಪ್ ಬಿಚ್ಚಿ ಸಾಣೆ: ಒಂದೊಂದು ಬದಿಗೆ 20 ಡಿಗ್ರಿ, ಕೈಯಿಂದ, ನೀರು ಹಾಕಿದ ಕಲ್ಲಿನ ಮೇಲೆ. ಗ್ರೈಂಡರ್‌ನಲ್ಲಿ ತೆಳ್ಳಗಿನ ಬಾಯಿ ಕ್ಷಣದಲ್ಲಿ ಕಾದು ಹದ ಕಳೆದುಕೊಳ್ಳುತ್ತದೆ.