ಹೆಸರಿಲ್ಲದ ನೌಕೆಯ ಸೇವಾ ಚರಿತ್ರೆಯನ್ನು ಬರೆಯುವ ಬಗೆ

ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕುಗಳನ್ನು ಹೊತ್ತು ಶತ್ರುವಿನ ಕಡಲತೀರದಲ್ಲಿ ಇಳಿಸುತ್ತಿದ್ದ ಎಲ್‌ಸಿಟಿ (ಲ್ಯಾಂಡಿಂಗ್ ಕ್ರಾಫ್ಟ್ ಟ್ಯಾಂಕ್) ನೌಕೆಗಳಿಗೆ ಬ್ರಿಟಿಷ್ ನೌಕಾಪಡೆಯು ಹೆಸರಿಡಲಿಲ್ಲ, ಸಂಖ್ಯೆಯನ್ನಷ್ಟೇ ಕೊಟ್ಟಿತು. ಇಂಥ ನೌಕೆಯ ಸೇವಾ ಚರಿತ್ರೆಯನ್ನು ಬರೆಯಹೊರಟವರು ಆ ಸಂಖ್ಯೆಯ ಜಾಡು ಹಿಡಿದೇ ಸಾಗಬೇಕಾಗುತ್ತದೆ. 1944ರ ಜೂನ್‌ನಲ್ಲಿ ಫ್ರಾನ್ಸಿನ ತೀರದಲ್ಲಿ ಮಿತ್ರಪಡೆಗಳು ನಡೆಸಿದ ನಾರ್ಮಂಡಿ ದಾಳಿಯಲ್ಲಿ 800ಕ್ಕೂ ಹೆಚ್ಚು ಎಲ್‌ಸಿಟಿಗಳು ಪಾಲ್ಗೊಂಡಿದ್ದವು. ಅವುಗಳ ಪೈಕಿ ಬ್ರಿಟನ್ನಿನಲ್ಲಿ ಉಳಿದುಬಂದಿರುವ ಎಲ್‌ಸಿಟಿ 7074ನ್ನೇ ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ.

ಮೊದಲು ಸಂಖ್ಯೆಯನ್ನು ಸರಿಯಾಗಿ ಓದಿಕೊಳ್ಳಿ. ಸಂಖ್ಯೆ ದೊಡ್ಡದಾದಷ್ಟೂ ಮಾದರಿ ಹೊಸದು ಎಂದು ಭಾವಿಸಿದರೆ ಆರಂಭದಲ್ಲೇ ಎಡವುತ್ತೀರಿ. 500ರಿಂದ ಶುರುವಾಗುವ ಸರಣಿ ನಾಲ್ಕನೆಯ ಮಾದರಿಯದಾದರೆ, ಅದಕ್ಕಿಂತ ತಡವಾಗಿ ಬಂದ 7000ದ ಸರಣಿ ಮೂರನೆಯ ಮಾದರಿಯದು. ಟೈನ್ ನದಿಯ ದಡದ ಹೆಬರ್ನ್‌ನಲ್ಲಿ ಹಾಥಾರ್ನ್ ಲೆಸ್ಲಿ ಕಂಪನಿಯು 1944ರಲ್ಲಿ ನೀರಿಗಿಳಿಸಿದ 7074 ಈ ಸರಣಿಗೆ ಸೇರಿದೆ. ಸಾಗರ ದಾಟಬಲ್ಲ ದೊಡ್ಡ ಹಡಗಾದ ಎಲ್‌ಎಸ್‌ಟಿಯನ್ನೂ ಇದನ್ನೂ ಬೆರೆಸದಂತೆ ಎಚ್ಚರ ವಹಿಸಿ.

ಬಳಿಕ ದಾಖಲೆಗಳ ಕೆಲಸ. ದೊಡ್ಡ ಯುದ್ಧನೌಕೆಗಳ ದಿನಚರಿ ಪುಸ್ತಕಗಳು ಉಳಿದಂತೆ ಈ ಸಣ್ಣ ನೌಕೆಗಳವು ಉಳಿದಿಲ್ಲವಾದ್ದರಿಂದ, ಸುತ್ತುದಾರಿಯನ್ನೇ ಹಿಡಿಯಬೇಕು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಎಡಿಎಂ 210 ಎಂಬ ವರ್ಗದಡಿ 'ಹಸಿರು ಪಟ್ಟಿ'ಗಳಿವೆ. ಯಾವ ನೌಕೆ ಯಾವ ತಂಡದಲ್ಲಿ, ಯಾವ ಬಂದರಿನಲ್ಲಿ ಇತ್ತೆಂಬುದನ್ನು ಅವುಗಳಲ್ಲಿ ಹುಡುಕಬಹುದು. ನೌಕೆ ಹೊತ್ತೊಯ್ದ ಭೂಸೇನೆಯ ತುಕಡಿ ಯಾವುದೆಂದು ತಿಳಿದರೆ, ಆ ತುಕಡಿಯ ಯುದ್ಧ ದಿನಚರಿಯನ್ನು ಅದೇ ಪತ್ರಾಗಾರದ ಡಬ್ಲ್ಯೂಒ 171 ಎಂಬ ವರ್ಗದಲ್ಲಿ ನೋಡಿ. ನನ್ನ ಅಭಿಪ್ರಾಯದಲ್ಲಿ ಅತ್ಯಂತ ಫಲ ಕೊಡುವ ದಾರಿ ಇದೇ, ಏಕೆಂದರೆ ನೌಕೆಯವರು ಬರೆದಿಡದ ಗಂಟೆ, ನಿಮಿಷಗಳನ್ನು ಹಲವು ಬಾರಿ ಟ್ಯಾಂಕಿನವರು ಬರೆದಿಟ್ಟಿರುತ್ತಾರೆ.

ದಿನಾಂಕಗಳ ವಿಷಯದಲ್ಲಿ ಸಡಿಲ ಬೇಡ. ಸಬ್ ಲೆಫ್ಟಿನೆಂಟ್ ಜಾನ್ ಬ್ಯಾಗಟ್ ಅವರ ನಾಯಕತ್ವದ 7074 'ಡಿ-ಡೇ ನೌಕೆ', ಅಂದರೆ ದಾಳಿಯ ಮೊದಲ ದಿನದ ನೌಕೆ, ಎಂದೇ ಹೆಸರಾಗಿದ್ದರೂ, ಅದು ನಾರ್ಮಂಡಿಯ 'ಗೋಲ್ಡ್' ಎಂಬ ಸಂಕೇತನಾಮದ ತೀರದಲ್ಲಿ ಹತ್ತು ಟ್ಯಾಂಕುಗಳನ್ನು ಇಳಿಸಿದ್ದು ಜೂನ್ 6ರಂದಲ್ಲ, 7ರ ನಸುಕಿನ ಎರಡು ಗಂಟೆಯ ಹೊತ್ತಿಗೆ. ಆ ಕತ್ತಲಲ್ಲಿ ನಡೆದ ಕೆಲಸ ಎಂಥದೆಂದು ಓದುಗರಿಗೆ ಬಿಡಿಸಿ ಹೇಳುವುದು ಚರಿತ್ರೆ ಬರೆಯುವವರ ಕರ್ತವ್ಯ. ಚಪ್ಪಟೆ ತಳದ ಇಂಥ ನೌಕೆ ತೀರದತ್ತ ಸಾಗುತ್ತಿರುವಾಗಲೇ ಹಿಂಬದಿಯಿಂದ ಲಂಗರನ್ನು ನೀರಿಗೆ ಬಿಟ್ಟು, ಅದರ ಉಕ್ಕಿನ ಹಗ್ಗವನ್ನು ಸಡಿಲಿಸುತ್ತಾ ಮುಂದೆ ಹೋಗುತ್ತದೆ. ಮೂತಿ ಮರಳಿಗೆ ತಾಗಿದಾಗ ಮುಂಬಾಗಿಲನ್ನು ಕೆಳಗಿಳಿಸುತ್ತಾರೆ, ಅದರ ಮೇಲೆಯೇ ಟ್ಯಾಂಕುಗಳು ಒಂದೊಂದಾಗಿ ಇಳಿದುಹೋಗುತ್ತವೆ. ಹೊರೆ ಇಳಿದು ಹಗುರಾದ ಮೇಲೆ ಅದೇ ಹಗ್ಗವನ್ನು ಯಂತ್ರದಿಂದ ಸುತ್ತಿ, ನೌಕೆಯನ್ನು ಹಿಂದಕ್ಕೆ, ಆಳದ ನೀರಿಗೆ ಎಳೆದುಕೊಳ್ಳುತ್ತಾರೆ. ಕಡಲ ನೀರು ಇಳಿಯತೊಡಗಿದ ಮೇಲೆ ತಡಮಾಡಿದರೆ ಮರಳಿನಲ್ಲೇ ಕೂರಬೇಕಾಗುವುದರಿಂದ, ಅಂದಿನ ಉಬ್ಬರವಿಳಿತದ ವೇಳೆಯನ್ನೂ ಟಿಪ್ಪಣಿ ಮಾಡಿಕೊಳ್ಳಿ.

ಯುದ್ಧದೊಂದಿಗೆ ಬರವಣಿಗೆಯನ್ನು ನಿಲ್ಲಿಸಬೇಡಿ. ದೂರಪ್ರಾಚ್ಯದ ಸಮರಕ್ಕೆಂದು 7074ನ್ನು ದುರಸ್ತಿ ನೌಕೆಯಾಗಿ ಮಾರ್ಪಡಿಸಲಾಯಿತಾದರೂ ಅಷ್ಟರಲ್ಲಿ ಯುದ್ಧವೇ ಮುಗಿಯಿತು. ಮುಂದೆ ಅದು ಲಿವರ್‌ಪೂಲ್‌ನಲ್ಲಿ 'ಲ್ಯಾಂಡ್‌ಫಾಲ್' ಎಂಬ ಹೆಸರಿನಿಂದ ನಾವಿಕರ ಕ್ಲಬ್ಬಾಯಿತು, ನಂತರ ನೈಟ್ ಕ್ಲಬ್ಬೂ ಆಯಿತು, ಕೊನೆಗೆ ಬರ್ಕನ್‌ಹೆಡ್‌ನ ಹಡಗುಕಟ್ಟೆಯಲ್ಲಿ ಮುಳುಗಿ ಕುಳಿತಿತು. ಸಂಖ್ಯೆಯನ್ನಷ್ಟೇ ಹುಡುಕುವವರಿಗೆ ಈ ವರ್ಷಗಳು ಸಿಗಲಾರವು. ಆಗ ನಾಗರಿಕ ಹೆಸರಿನಡಿ ಸ್ಥಳೀಯ ಪತ್ರಿಕೆಗಳನ್ನು ಶೋಧಿಸಿ. 2014ರಲ್ಲಿ ಬ್ರಿಟಿಷ್ ನೌಕಾಪಡೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಅದನ್ನು ಮೇಲೆತ್ತಿಸಿತು, ದುರಸ್ತಿಯಾದ ಮೇಲೆ 2020ರ ಆಗಸ್ಟ್‌ನಲ್ಲಿ ಪೋರ್ಟ್ಸ್‌ಮತ್‌ನ ಸೌತ್‌ಸೀ ಕಡಲತೀರಕ್ಕೆ ತರಲಾಯಿತು.

ಈಗ ಅದರ ಮೇಲೆ ಎರಡು ಟ್ಯಾಂಕುಗಳನ್ನು ಪ್ರದರ್ಶನಕ್ಕೆ ನಿಲ್ಲಿಸಿದ್ದಾರೆ. ಅವನ್ನು ನೋಡಿ ಅಂದಿನ ಹೊರೆಯೂ ಇದೇ ಬಗೆಯದೆಂದು ಬರೆದುಬಿಡಬೇಡಿ. ಅಂದು ಹೊತ್ತದ್ದು ಹತ್ತು, ಅವು ಯಾವ ಬಗೆಯವೆಂಬುದನ್ನು ತುಕಡಿಯ ದಿನಚರಿಯಿಂದಲೇ ತೆಗೆದುಕೊಳ್ಳಿ.